ಓದುಗರ ಪ್ರಶ್ನೆ – ನಮ್ಮ ಉತ್ತರ: ಪುಟ್ಟ ಲ್ಯಾಪ್‌ಟಾಪನ್ನು ಬದಲಿಸಬೇಕೇ?

ಪ್ರಶ್ನೆ: ನಾನು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಅಧ್ಯಾಪಿಕೆ. 2017ರಲ್ಲಿ ಕೊಂಡ 13 ಇಂಚಿನ ಲ್ಯಾಪ್‌ಟಾಪನ್ನು ದಿನವೂ ಬಸ್ಸಿನಲ್ಲಿ ಶಾಲೆಗೆ ಒಯ್ಯುತ್ತೇನೆ. ಅದರಲ್ಲಿ ಇಂಟೆಲ್‌ನ ಏಳನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್ ಮತ್ತು ವಿಂಡೋಸ್ 10 ಇವೆ. ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ತಯಾರಿಸುವುದು, ಕೇರಳದ ಶಾಲಾ ಪಾಠಸಾಮಗ್ರಿಗಳ ‘ಸಮಗ್ರ’ ಪೋರ್ಟಲ್ ನೋಡುವುದು, ತರಗತಿಯ ಪ್ರೊಜೆಕ್ಟರಿಗೆ ಜೋಡಿಸಿ ಪಾಠ ತೋರಿಸುವುದು ನನ್ನ ಕೆಲಸ. ಈಗ ಅದು ತೆರೆದುಕೊಳ್ಳುವುದೇ ಬಹಳ ನಿಧಾನ. ಅದೇ ಕಂಪೆನಿಯ ಹೊಸ, ಇನ್ನಷ್ಟು ಹಗುರವಾದ ಮಾದರಿ ಅಂಗಡಿಗೆ ಬಂದಿದೆ. ಬದಲಿಸಲೇ?
— ಓರ್ವ ಅಧ್ಯಾಪಿಕೆ, ಪೆರ್ಲ

ಉತ್ತರ: ತಾವು ಹೇಳಿದ ಕೆಲಸಗಳಿಗೆ ಹೊಸ ಲ್ಯಾಪ್‌ಟಾಪ್ ಈಗಲೇ ಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಧಾನಕ್ಕೆ ಮುಖ್ಯ ಕಾರಣ ಪ್ರೊಸೆಸರ್ ಅಲ್ಲ, ಹಾರ್ಡ್ ಡಿಸ್ಕ್. ವಿಂಡೋಸ್ ತೆರೆದುಕೊಳ್ಳುವಾಗ ಸಾವಿರಾರು ಸಣ್ಣ ಕಡತಗಳನ್ನು ತಿರುಗುವ ತಟ್ಟೆಯ ಬೇರೆ ಬೇರೆ ಕಡೆಗಳಿಂದ ಓದಬೇಕಾಗುತ್ತದೆ. ಪ್ರತಿ ಸಲವೂ ಓದುವ ಮೊನೆ ಅತ್ತಿತ್ತ ಸರಿಯುವುದರಲ್ಲೇ ಹೊತ್ತು ಹೋಗುತ್ತದೆ. ರ‍್ಯಾಮ್ 4 ಜಿಬಿ ಮಾತ್ರ ಇರುವುದರಿಂದ ಅಲ್ಲಿ ಹಿಡಿಸದ್ದನ್ನು ಅದೇ ಡಿಸ್ಕಿನ ಮೇಲೆ ಬರೆದು ಮತ್ತೆ ಓದುವ ಕೆಲಸವೂ ಸೇರಿಕೊಂಡು ತೊಂದರೆ ಇಮ್ಮಡಿಯಾಗುತ್ತದೆ. ಇದನ್ನು ತಾವೇ ನೋಡಿಕೊಳ್ಳಬಹುದು: ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ‘ಪರ್ಫಾರ್ಮೆನ್ಸ್’ ಪುಟಕ್ಕೆ ಹೋಗಿ. ಡಿಸ್ಕಿನ ಎದುರು ಮತ್ತೆ ಮತ್ತೆ 100 ಶೇಕಡಾ ಕಾಣಿಸಿ, ಪ್ರೊಸೆಸರಿನ ಎದುರು ಕಡಿಮೆ ಅಂಕಿ ಇದ್ದರೆ ಸಂದೇಹವೇ ಬೇಡ.

ಅದೇ ಪುಟದಲ್ಲಿ ‘ಮೆಮೊರಿ’ ಒತ್ತಿದರೆ ಕೆಳಗೆ ‘ಫಾರ್ಮ್ ಫ್ಯಾಕ್ಟರ್’ ಎಂಬ ಸಾಲು ಇರುತ್ತದೆ. ತಮ್ಮ ನಿರ್ಧಾರ ನಿಂತಿರುವುದು ಹೆಚ್ಚಾಗಿ ಆ ಒಂದು ಸಾಲಿನ ಮೇಲೆಯೇ. ಅಲ್ಲಿ ‘ಎಸ್‌ಒಡಿಐಎಂಎಂ’ ಎಂದಿದ್ದರೆ ರ‍್ಯಾಮ್ ಪಟ್ಟಿಯನ್ನು ತೆಗೆದು 8 ಜಿಬಿಯದ್ದನ್ನು ಕೂರಿಸಬಹುದು. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಅದನ್ನು ಬೋರ್ಡಿಗೆ ಬೆಸುಗೆ ಹಾಕಲಾಗಿದೆ ಎಂದರ್ಥ. ಮೊದಲನೆಯದಾದರೆ ರ‍್ಯಾಮ್ ಹೆಚ್ಚಿಸಿ, ಹಾರ್ಡ್ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ವೇಗದ ಸಂಗ್ರಹ ಸಾಧನ) ಹಾಕಿಸಿ. ಎರಡೂ ಸೇರಿದರೂ ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣ ಪಾಲಷ್ಟೇ ಆಗುತ್ತದೆ, ಮತ್ತು ಬದಲಾವಣೆ ಮೊದಲ ದಿನವೇ ಗೊತ್ತಾಗುತ್ತದೆ. ಬೆಸುಗೆ ಹಾಕಿದ್ದಾದರೆ ಸಾಮಾನ್ಯವಾಗಿ 4 ಜಿಬಿಯಲ್ಲೇ ಮುಂದುವರಿಯಬೇಕಾಗುವುದರಿಂದ ಬದಲಿಸುವುದೇ ಮೇಲು.

ಇನ್ನು ವಿಂಡೋಸ್ ವಿಚಾರ. ಕೆಲವೇ ಕೆಲವನ್ನು ಬಿಟ್ಟರೆ ಇಂಟೆಲ್‌ನ ಏಳನೇ ತಲೆಮಾರಿನ ಪ್ರೊಸೆಸರುಗಳು ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿರುವ ಪ್ರೊಸೆಸರುಗಳ ಪಟ್ಟಿಯಲ್ಲಿಲ್ಲ. ಪಟ್ಟಿ ಶುರುವಾಗುವುದು ಎಂಟನೆಯದರಿಂದ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ಹೆಚ್ಚುವರಿ ಭದ್ರತಾ ನವೀಕರಣಕ್ಕೆ ನೋಂದಾಯಿಸಿದ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಅವಕಾಶ ಕೊಡಲಾಗಿದೆ. ಅಂಗಡಿಯವರು ಇದನ್ನೇ ಮುಂದಿಟ್ಟು ಹಳೆಯದನ್ನು ಕೊಟ್ಟುಬಿಡಿ ಎಂದಾರು. ಆದರೆ ಕೇರಳದ ಅಧ್ಯಾಪಕರಿಗೆ ಇಲ್ಲೊಂದು ಅನುಕೂಲವಿದೆ. ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್, ಉಬುಂಟು ಆಧಾರದಲ್ಲಿ ಸಿದ್ಧಪಡಿಸಿ ನಮ್ಮ ಶಾಲೆಗಳ ಐಟಿ ಲ್ಯಾಬುಗಳಿಗೆ ಕೊಟ್ಟಿರುವ ಲಿನಕ್ಸ್ (ವಿಂಡೋಸಿನ ಬದಲು ಬಳಸಬಹುದಾದ ಕಾರ್ಯಾಚರಣ ವ್ಯವಸ್ಥೆ) ತಮಗೆ ಪರಿಚಿತವೇ ಆಗಿರುತ್ತದೆ. ಅದು ಉಚಿತ, ತಮ್ಮ ಪ್ರೊಸೆಸರಿಗೆ ಭಾರವಲ್ಲ, ಶಾಲೆಯ ಐಟಿ ಸಂಯೋಜಕರಿಂದ ನೆರವೂ ಸಿಗುತ್ತದೆ. ನುಡಿ ತಂತ್ರಾಂಶ ವಿಂಡೋಸಿಗಾಗಿ ಮಾಡಿದ್ದಾದರೂ, ಲಿನಕ್ಸಿನಲ್ಲಿ ಭಾಷೆಯ ಕೀಲಿಮಣೆ ಆರಿಸುವ ‘ಐಬಸ್’ ಸೌಲಭ್ಯದಲ್ಲಿ ನುಡಿಯ ಕೆಜಿಪಿ ವಿನ್ಯಾಸವನ್ನು ಆರಿಸಿಕೊಂಡರೆ ಬೆರಳಿಗೆ ಅಭ್ಯಾಸವಾದ ಅದೇ ಕೀಲಿಮಣೆ ದೊರೆಯುತ್ತದೆ. ಹಳೆಯ ನುಡಿ ಫಾಂಟುಗಳಲ್ಲಿರುವ ಪ್ರಶ್ನೆಪತ್ರಿಕೆಗಳನ್ನು ಮಾತ್ರ ವಿಂಡೋಸ್ ಇರುವಾಗಲೇ, ಲಿನಕ್ಸಿನಲ್ಲೂ ಓದಲು ಬರುವ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ಒಮ್ಮೆ ಓದಿ ನೋಡಿ, ಪೆನ್‌ಡ್ರೈವಿನಲ್ಲಿ ತೆಗೆದಿಡಿ. ಇಷ್ಟು ವರ್ಷಗಳ ಶ್ರಮವನ್ನು ಅವಸರದಲ್ಲಿ ಕಳೆದುಕೊಳ್ಳಬಾರದು.

ಬ್ಯಾಟರಿಯನ್ನೂ ಗಮನಿಸಿ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದಂತಿದ್ದರೆ ಅಥವಾ ಮುಚ್ಚಳ ಸರಿಯಾಗಿ ಕೂರದಿದ್ದರೆ ಒಳಗಿನ ಬ್ಯಾಟರಿ ಊದಿಕೊಂಡಿರಬಹುದು. ಹಾಗಿದ್ದಲ್ಲಿ ಅಂದೇ ಬಳಕೆ ನಿಲ್ಲಿಸಿ ಬ್ಯಾಟರಿ ಬದಲಿಸಿಕೊಳ್ಳಬೇಕು.

ಇಷ್ಟೆಲ್ಲ ನೋಡಿದ ಮೇಲೂ ಹೊಸದನ್ನೇ ಕೊಳ್ಳುವುದಾದರೆ, 16 ಜಿಬಿ ರ‍್ಯಾಮ್ ಇರುವುದನ್ನು ಆರಿಸಿ, ಏಕೆಂದರೆ ತೆಳು ಮಾದರಿಗಳಲ್ಲಿ ಅದನ್ನು ಮುಂದೆ ಹೆಚ್ಚಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಅಂಚಿನಲ್ಲಿರುವ ಕಿಂಡಿಗಳನ್ನೂ ನೋಡಿ. ಟೈಪ್-ಸಿ ಮಾತ್ರ ಇದ್ದರೆ ತರಗತಿಯ ಪ್ರೊಜೆಕ್ಟರಿನ ಎಚ್‌ಡಿಎಂಐ ಕೇಬಲ್ ನೇರವಾಗಿ ಕೂರದು, ಅದಕ್ಕೊಂದು ಅಡಾಪ್ಟರ್ ಬ್ಯಾಗಿನಲ್ಲಿ ಇರಲೇಬೇಕಾಗುತ್ತದೆ.

ಪ್ರಶ್ನೆ: ಯಕ್ಷಗಾನ ಬಯಲಾಟಗಳನ್ನು ಚಿತ್ರೀಕರಿಸಿ ಎಡಿಟ್ ಮಾಡುವ ನನ್ನಲ್ಲಿ ಆಪಲ್‌ನ ಎಂ1 ಪ್ರೊಸೆಸರಿನ 2020ರ ಮ್ಯಾಕ್‌ಬುಕ್ ಏರ್ ಇದೆ, 8 ಜಿಬಿ ರ‍್ಯಾಮ್. ಎಂ4 ಮಾದರಿಗೆ ಬದಲಿಸಿದರೆ ಪ್ರಯೋಜನವಿದೆಯೇ?
— ಓರ್ವ ಓದುಗ, ಕುಂಬಳೆ

ಉತ್ತರ: ಹಗುರಕ್ಕಾಗಿ ಎಂದಾದರೆ ಬೇಡ, 1.29 ಕಿಲೋ 1.24 ಆಗುತ್ತದೆ, ಅಷ್ಟೇ. ಎಡಿಟ್ ಮಾಡುತ್ತಿರುವಾಗ ಮ್ಯಾಕ್‌ನಲ್ಲೇ ಇರುವ ‘ಆಕ್ಟಿವಿಟಿ ಮಾನಿಟರ್’ ತೆರೆದು ‘ಮೆಮೊರಿ ಪ್ರೆಷರ್’ ನಕ್ಷೆಯನ್ನು ನೋಡಿ. ಅದು ಹಸಿರಾಗಿಯೇ ಇದ್ದರೆ ಈಗಿನದೇ ಸಾಕು, ಜಾಗ ಸಾಲದಿದ್ದರೆ ಹೊರಗಿನ ಎಸ್‌ಎಸ್‌ಡಿಯೊಂದನ್ನು ಕೊಳ್ಳಿ. ಹಳದಿ, ಕೆಂಪು ಮತ್ತೆ ಮತ್ತೆ ಕಂಡರೆ ಬದಲಿಸುವುದಕ್ಕೆ ಕಾರಣವಿದೆ, ಏಕೆಂದರೆ ತಮ್ಮದರಲ್ಲಿ ಮೆಮೊರಿ ಹೆಚ್ಚಿಸಲಾಗದು, ಎಂ4 ಏರ್ ಆರಂಭವಾಗುವುದೇ 16 ಜಿಬಿಯಿಂದ. ಆದರೆ ಎರಡರಲ್ಲೂ ಫ್ಯಾನ್ ಇಲ್ಲ. ರಾತ್ರಿಯಿಡೀ ನಡೆದ ಆಟವನ್ನು ಒಂದೇ ಕಡತವಾಗಿ ಹೊರತೆಗೆಯುವಂಥ ದೀರ್ಘ ಕೆಲಸದಲ್ಲಿ ಬಿಸಿಯೇರಿದಂತೆ ಪ್ರೊಸೆಸರ್ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅಂಥ ಕೆಲಸವೇ ಹೆಚ್ಚಾಗಿದ್ದರೆ ತೂಕ ತುಸು ಹೆಚ್ಚಾದರೂ ಫ್ಯಾನ್ ಇರುವ 14 ಇಂಚಿನ ಮ್ಯಾಕ್‌ಬುಕ್ ಪ್ರೊ ತಮಗೆ ಹೊಂದುತ್ತದೆ.