ರಕಾರ ಬಿಟ್ಟ ಊರು, ರಕಾರ ಹಿಡಿದ ಊರು

ಪ್ರಶ್ನೆ: ನನ್ನ ಮಗಳು ಫಿಲಡೆಲ್ಫಿಯದಲ್ಲಿ ಎರಡು ವರ್ಷ ಓದಿ, ಈಗ ಕೆಲಸಕ್ಕೆಂದು ಬಾಸ್ಟನ್ ಸೇರಿದ್ದಾಳೆ. ರೈಲಿನಲ್ಲಿ ಐದಾರು ಗಂಟೆಯ ದಾರಿಯಷ್ಟೇ ಇರುವ ಈ ಎರಡು ಊರುಗಳಲ್ಲಿ ಇಂಗ್ಲಿಷಿನ ಉಚ್ಚಾರ ಬೇರೆ, ತಿಂಡಿಯ ಹೆಸರೂ ಬೇರೆ ಎನ್ನುತ್ತಾಳೆ. ಅಮೆರಿಕದವರ ಇಂಗ್ಲಿಷ್ ಎಲ್ಲೆಡೆ ಒಂದೇ ಅಲ್ಲವೇ? ಇವೆರಡರಲ್ಲಿ ಶುದ್ಧವಾದದ್ದು ಯಾವುದು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳ ಕಿವಿ ಚುರುಕಾಗಿದೆ. ಹಳೆಯ ಬಾಸ್ಟನ್ನಿಗರ ಬಾಯಲ್ಲಿ ‘ಕಾರ್’ ಎಂಬುದು ‘ಕಾ’ ಆಗುತ್ತದೆ, ‘ಪಾರ್ಕ್’ ಎಂಬುದು ‘ಪಾಕ್’ ಆಗುತ್ತದೆ. ಸ್ವರದ ನಂತರ ಬರುವ ರಕಾರವನ್ನು ಅವರು ನುಂಗಿಬಿಡುತ್ತಾರೆ. ಫಿಲಡೆಲ್ಫಿಯದವರು ರಕಾರವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ, ಆದರೆ ‘ವಾಟರ್’ ಅವರಲ್ಲಿ ‘ವುಡರ್’. 18ನೇ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನಲ್ಲಿ ರಕಾರ ಬಿಡುವುದು ದೊಡ್ಡವರ ರೂಢಿಯಾಗುತ್ತ ಬಂದಾಗ, ಆ ನಗರದೊಡನೆ ಹಡಗಿನ ವ್ಯಾಪಾರವಿದ್ದ ಬಾಸ್ಟನ್, ನ್ಯೂಯಾರ್ಕ್, ಚಾರ್ಲ್‌ಸ್ಟನ್‌ಗಳು ಅದನ್ನು ಅನುಕರಿಸಿದವು. ಫಿಲಡೆಲ್ಫಿಯವೂ ಬಂದರೇ, ಆದರೂ ಅಲ್ಲಿ ಬಂದಿಳಿದು ಸುತ್ತಲ ನಾಡಿಗೆ ಹಬ್ಬಿದ ಸ್ಕಾಟ್-ಐರಿಷ್ ಜನ ರಕಾರವನ್ನು ಬಿಡದವರಾದ್ದರಿಂದ ಅದು ಅಲ್ಲಿ ಉಳಿಯಿತು ಎಂಬುದು ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಕೊಡುವ ವಿವರಣೆ.

ಶುದ್ಧ ಯಾವುದು ಎಂಬ ನಿಮ್ಮ ಪ್ರಶ್ನೆಗೆ ನ್ಯೂಯಾರ್ಕಿನ ಒಂದು ಪ್ರಸಂಗವನ್ನು ಹೇಳುವುದೇ ಮೇಲು. 1962ರಲ್ಲಿ ವಿಲಿಯಂ ಲಬೋವ್ ಎಂಬ ಭಾಷಾವಿಜ್ಞಾನಿ ಅಲ್ಲಿನ ಮೂರು ದೊಡ್ಡ ಅಂಗಡಿಗಳಿಗೆ ಗಿರಾಕಿಯಂತೆ ಹೋದರು: ಸಿರಿವಂತರ ಸ್ಯಾಕ್ಸ್, ಮಧ್ಯಮ ವರ್ಗದ ಮೇಸೀಸ್, ಅಗ್ಗದ ಎಸ್. ಕ್ಲೈನ್. ನಾಲ್ಕನೆಯ ಮಹಡಿಯಲ್ಲಿದೆಯೆಂದು ತಮಗೆ ಮೊದಲೇ ಗೊತ್ತಿದ್ದ ಸರಕು ಎಲ್ಲಿ ಸಿಗುತ್ತದೆ ಎಂದು ಕೇಳಿ, ‘ಫೋರ್ತ್ ಫ್ಲೋರ್’ ಎಂಬ ಉತ್ತರ ಬಂದ ಮೇಲೆ, ಕೇಳಿಸದವರಂತೆ ಅದನ್ನೇ ಇನ್ನೊಮ್ಮೆ ಹೇಳಿಸಿ, ಮರೆಗೆ ಸರಿದು ರಕಾರ ಬಂತೋ ಇಲ್ಲವೋ ಎಂದು ಬರೆದುಕೊಂಡರು. ಹೀಗೆ 264 ನೌಕರರನ್ನು ಮಾತನಾಡಿಸಿದಾಗ ರಕಾರ ಸ್ಯಾಕ್ಸ್‌ನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿಯೂ ಕ್ಲೈನ್‌ನಲ್ಲಿ ಎಲ್ಲಕ್ಕಿಂತ ಕಡಿಮೆಯಾಗಿಯೂ ಕೇಳಿಸಿತು. ಎರಡನೆಯ ಸಲ ಬಿಡಿಸಿ ಹೇಳುವಾಗ ಅದು ಇನ್ನಷ್ಟು ಹೆಚ್ಚಿತು. ಸ್ಯಾಕ್ಸ್‌ನ ನೌಕರರೇನೂ ಸಿರಿವಂತರಾಗಿರಲಿಲ್ಲ. ಗಿರಾಕಿಗಳ ಗತ್ತು ಅವರ ನಾಲಗೆಗೂ ಅಂಟಿತ್ತು, ಅಷ್ಟೆ.

ಒಂದು ಕಾಲಕ್ಕೆ ರಕಾರ ಬಿಡುವುದೇ ದೊಡ್ಡಸ್ತಿಕೆಯಾಗಿದ್ದ ನ್ಯೂಯಾರ್ಕಿನಲ್ಲಿ ಎರಡನೆಯ ಮಹಾಯುದ್ಧದ ನಂತರ ರಕಾರ ಹಿಡಿಯುವುದು ದೊಡ್ಡಸ್ತಿಕೆಯಾಯಿತು. ಅದೇ 1962ರಲ್ಲಿ ಬಾಸ್ಟನ್ ಕಡೆಯವರಾದ ಅಧ್ಯಕ್ಷ ಕೆನಡಿ, ಇರುವ ರಕಾರಗಳನ್ನು ಬಿಟ್ಟು, ಇಲ್ಲದ ಕಡೆ ಒಂದನ್ನು ಸೇರಿಸಿ, ‘ಕ್ಯೂಬಾ’ವನ್ನು ‘ಕ್ಯೂಬರ್’ ಎನ್ನುತ್ತಿದ್ದರು. ಅಂಗಡಿಯ ನೌಕರರು ಪ್ರಯಾಸದಿಂದ ತಿದ್ದಿಕೊಳ್ಳುತ್ತಿದ್ದುದನ್ನು ದೇಶದ ಅಧ್ಯಕ್ಷರು ತಿದ್ದಿಕೊಳ್ಳುವ ಗೊಡವೆಗೇ ಹೋಗಿರಲಿಲ್ಲ. ಆದ್ದರಿಂದ ಶುದ್ಧ, ಅಶುದ್ಧ ಎಂಬ ಮಾತನ್ನು ನಾನು ಇಲ್ಲಿ ಒಪ್ಪುವುದಿಲ್ಲ.

ಇನ್ನು ತಿಂಡಿಯ ಹೆಸರು. ಉದ್ದನೆಯ ಬನ್ನನ್ನು ಸೀಳಿ ಮಾಂಸ, ಚೀಸ್, ತರಕಾರಿ ತುಂಬಿದ ಸ್ಯಾಂಡ್‌ವಿಚ್ಚಿಗೆ ಫಿಲಡೆಲ್ಫಿಯದಲ್ಲಿ ‘ಹೋಗಿ’, ನ್ಯೂಯಾರ್ಕಿನಲ್ಲಿ ‘ಹೀರೋ’, ಬಾಸ್ಟನ್ನಿನಲ್ಲಿ ‘ಸಬ್’ ಎನ್ನುತ್ತಾರೆ. ಮಗಳು ಫೋನಿನಲ್ಲಿ ‘ಹೋಗಿ ತಿಂದೆ’ ಎಂದಿದ್ದರೆ, ಎಲ್ಲಿಗೆ ಹೋಗಿ ಎಂದು ನೀವು ಕೇಳಿರಲಿಕ್ಕೂ ಸಾಕು! ಐಸ್‌ಕ್ರೀಮ್ ಹಾಕಿದ ಮಿಲ್ಕ್‌ಶೇಕ್ ಬಾಸ್ಟನ್ನಿನ ಹಳಬರಿಗೆ ‘ಫ್ರ್ಯಾಪ್’. ಒಂದೇ ಊರಿನೊಳಗೂ ಮಾತು ಒಂದೇ ಆಗಿರುವುದಿಲ್ಲ: ನಾವು ಹೆಸರು ನೆನಪಾಗದಾಗ ‘ಅದು’ ಎನ್ನುವಂತೆ, ಯಾವ ವಸ್ತುವಿಗೂ ಯಾವ ಜಾಗಕ್ಕೂ ಸಲ್ಲುವ ಫಿಲಡೆಲ್ಫಿಯದ ‘ಜಾನ್’ ಎಂಬ ಪದ ಅಲ್ಲಿನ ಕಪ್ಪು ಜನರ ಕೇರಿಗಳಲ್ಲಿ ಬೆಳೆದು, ಆಮೇಲೆ ಊರಿಗೆಲ್ಲ ಹಬ್ಬಿದ್ದು.

ನಿಮ್ಮ ಮಗಳು ಕಚೇರಿಯಲ್ಲಿ ‘ಕಾ’ ಎಂಬ ಉಚ್ಚಾರವನ್ನು ಕೇಳುವುದು ಅಪರೂಪವಾಗಬಹುದು, ಏಕೆಂದರೆ ಹೊರಗಿನಿಂದ ಬಂದವರೂ ಕಾಲೇಜು ಕಲಿತ ಕಿರಿಯರೂ ತುಂಬಿರುವ ಕಡೆ ರಕಾರ ಮರಳಿ ಬಂದಿದೆ. 1897ರಲ್ಲಿ ಶುರುವಾದ, ಊರವರು ‘ಟಿ’ ಎಂದು ಕರೆಯುವ ಅಲ್ಲಿನ ಸುರಂಗ ರೈಲಿನಲ್ಲಿ ಪಕ್ಕದ ಸೀಟಿನ ಹಿರಿಯರು ಬೇಸ್‌ಬಾಲ್ ಆಟದ ಬಗ್ಗೆ ವಾದಕ್ಕಿಳಿದಾಗ ಕಿವಿಗೊಟ್ಟರೆ ಅದು ಈಗಲೂ ಕೇಳಿಸುತ್ತದೆ.