ಹೂವು ದೊಡ್ಡದು, ಮೋಡ ಸಣ್ಣದು: ಓಕೀಫ್ ಮತ್ತು ಸ್ಟೀಗ್ಲಿಟ್ಸ್ ಪಾಠ ಹೀಗೆ ಮಾಡಬಹುದು

ಶಿರಸಿಯ ಹೈಸ್ಕೂಲು, ಒಂಬತ್ತನೇ ತರಗತಿಯ 35 ಮಕ್ಕಳು, 40 ನಿಮಿಷದ ಮೂರು ಪೀರಿಯಡ್, ಒಂದೇ ಫೋನು. ಅಮೆರಿಕದ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್, ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ದಂಪತಿಯ ಪಾಠವನ್ನು ಅವರ ಮದುವೆ ಕಥೆಯಿಂದ ಶುರು ಮಾಡಬಹುದೇ ಎಂದು ಕೇಳಿದ್ದೀರಿ.

ಬೇಡ ಮೇಡಂ. ಆತ ಹುಟ್ಟಿದ್ದು 1864ರಲ್ಲಿ, ಆಕೆ 1887ರಲ್ಲಿ. ಕಥೆ ಹೇಳಿದಿರೋ, ಮೂರೂ ಪೀರಿಯಡ್ ಆ ವಯಸ್ಸಿನ ಅಂತರದ ಗುಸುಗುಸುವಿನಲ್ಲೇ ಮುಗಿಯುತ್ತದೆ, ಆಕೆ ಮಕ್ಕಳ ತಲೆಯಲ್ಲಿ ಆತನ ಫೋಟೋದ ರೂಪದರ್ಶಿಯಾಗಿ ಉಳಿಯುತ್ತಾಳೆ. ನನ್ನ ಪ್ರಕಾರ ಹಿಡಿಯಬೇಕಾದ ಎಳೆ ಬೇರೆ: ಆಕೆ ಅಂಗೈಯಗಲದ ಹೂವನ್ನು ಗೋಡೆಗೆ ತುಂಬುವಷ್ಟು ಹಿಗ್ಗಿಸಿದಳು, ಆತ ಇಡೀ ಆಕಾಶವನ್ನು ಅಂಗೈಗೆ ಇಳಿಸಿದ. ಇಬ್ಬರೂ ಮಾಡಿದ್ದು ಚೌಕಟ್ಟಿನ ಕೆಲಸ.

ಮೊದಲ ದಿನ ಹೂವು. ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ 3 ಸೆಂ.ಮೀ. × 4.2 ಸೆಂ.ಮೀ. ಕಿಟಕಿ ಕತ್ತರಿಸಿಕೊಳ್ಳಿ. ಇದು ಎ3 ಹಾಳೆಯದೇ ಆಕಾರ. ಸುಮ್ಮನೆ ಚೌಕ ಕತ್ತರಿಸಿದರೆ ಹಾಳೆಯ ಒಂದು ಬದಿ ಖಾಲಿ ಉಳಿದು, ಮಕ್ಕಳು ಅಲ್ಲೊಂದು ಚಿಟ್ಟೆ ಬಿಡಿಸುತ್ತಾರೆ. ಕಿಟಕಿಯನ್ನು ಹೂವಿಗೆ ತಾಗುವಷ್ಟು ಹತ್ತಿರ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಬೇಕು. ಕಣ್ಣಿನ ಹತ್ತಿರ ತಂದರೆ ತೊಟ್ಟು, ಬೆಂಚು, ಪಕ್ಕದವನ ಟಿಫಿನ್ ಡಬ್ಬಿ ಎಲ್ಲ ಒಳಗೆ ಬರುತ್ತದೆ. ದಾಸವಾಳವೇ ಅನುಕೂಲ: ಬೆಳಿಗ್ಗೆ ಕೊಯ್ದದ್ದು ನೀರಿಲ್ಲದಿದ್ದರೂ ಸಂಜೆಯವರೆಗೆ ಅರಳಿಯೇ ಇರುತ್ತದೆ.

ಬಿಡಿಸುವಾಗ ಹೂವಿನ ನಡುವಿನಿಂದ ಶುರು ಮಾಡಲು ಬಿಡಬೇಡಿ. ದಳದ ಗೆರೆ ಕಿಟಕಿಯ ನಾಲ್ಕೂ ಅಂಚನ್ನು ಎಲ್ಲೆಲ್ಲಿ ಮುಟ್ಟುತ್ತದೆಯೋ ಅಲ್ಲಿ ಮೊದಲು ಚುಕ್ಕಿ, ಆಮೇಲೆ ಗೆರೆ. ಇಲ್ಲದಿದ್ದರೆ ಐದು ದಳ, ಒಂದು ತೊಟ್ಟು, ಎರಡು ಎಲೆ ಇರುವ ರಂಗೋಲಿ ಹೂವು ಹಾಳೆಯ ಮಧ್ಯೆ ಬಂದು ಕೂರುತ್ತದೆ. ಮಳೆಗಾಲವಾದರೆ ಜಲವರ್ಣ ಬೇಡ. ಹಾಳೆ ಮೆತ್ತಗಾಗಿರುತ್ತದೆ, ಬಣ್ಣ ಪೀರಿಯಡ್ ಮುಗಿದರೂ ಒಣಗುವುದಿಲ್ಲ. ಆಯಿಲ್ ಪೇಸ್ಟಲ್ ಸಾಕು.

ಆಕೆಯ 1932ರ ಬಿಳಿ ಹೂವಿನ ಚಿತ್ರ 2014ರ ಹರಾಜಿನಲ್ಲಿ 4 ಕೋಟಿ 44 ಲಕ್ಷ ಡಾಲರಿಗೆ ಹೋಯಿತು. ಅದು ನಮ್ಮ ಬೇಲಿಬದಿಯ ಉಮ್ಮತ್ತಿಯ ಜಾತಿಯದ್ದೇ ಹೂವು ಎಂದರೆ ಮಕ್ಕಳು ನಂಬುವುದಿಲ್ಲ. ಹಾಗೆಂದು ಉಮ್ಮತ್ತಿಯನ್ನು ತರಗತಿಗೆ ತರಿಸಬೇಡಿ. ಬೀಜ ಸೇರಿ ಇಡೀ ಗಿಡವೇ ವಿಷ.

ಎರಡನೇ ದಿನ ಮೋಡ. ಇದನ್ನು ಚೌತಿ ಕಳೆದ ಮೇಲೆ ಇಟ್ಟುಕೊಳ್ಳಿ. ಆಷಾಢದ ಆಕಾಶ ಬರೀ ಬೂದು ಕಂಬಳಿ, ಮೋಡಕ್ಕೆ ಅಂಚೇ ಇರುವುದಿಲ್ಲ. ಐದೈದು ಮಕ್ಕಳ ಏಳು ಗುಂಪು, ಗುಂಪಿಗೆ ನಾಲ್ಕು ನಿಮಿಷ, ಎರಡೇ ಫೋಟೋ. ಫೋನು ಕಪ್ಪು-ಬಿಳುಪಿನಲ್ಲಿರಲಿ. ಮೋಡದ ಅತಿ ಬೆಳಕಿನ ಭಾಗವನ್ನು ಪರದೆಯ ಮೇಲೆ ಒತ್ತಿ ಹಿಡಿದು, ಬೆಳಕನ್ನು ಸ್ವಲ್ಪ ಇಳಿಸಬೇಕು. ಅಡಿಕೆ ಮರದ ಮೇಲೆ ಒತ್ತಿದರೆ ಮರ ಚೆನ್ನಾಗಿ ಬಂದು ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಅಸಲಿಗೆ ಮರವೇ ಬೇಡ. 1922ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಸರೋವರದ ಬಳಿ ತೆಗೆದ ಮೊದಲ ಮೋಡಗಳ ಕೆಳಗೆ ಸ್ಟೀಗ್ಲಿಟ್ಸ್ ಗುಡ್ಡ ಉಳಿಸಿಕೊಂಡಿದ್ದ. ಬರಬರುತ್ತಾ ನೆಲವನ್ನೇ ಬಿಟ್ಟ. ನೆಲ ಹೋದರೆ ಅಳತೆ ಹೋಗುತ್ತದೆ, ಮೇಲು-ಕೆಳಗೂ ಹೋಗುತ್ತದೆ. ಫೋಟೋವನ್ನು ತಿರುಗಿಸಿ ಇಟ್ಟು ಯಾವುದು ಮೇಲೆ ಎಂದು ಕೇಳಿ, ಜಗಳ ಶುರುವಾಗುತ್ತದೆ. ಸೂರ್ಯನ ಕಡೆಗೆ ಮಾತ್ರ ಯಾರೂ ಹಿಡಿಯಬಾರದು.

ಮುದ್ರಣ 9 × 12 ಸೆಂ.ಮೀ. ಇರಲಿ, ಆತನ ಮೋಡಗಳೂ ಹೆಚ್ಚುಕಡಿಮೆ ಅಷ್ಟೇ. ಒಂದು ಎ4 ಹಾಳೆಯಲ್ಲಿ ನಾಲ್ಕು ಹಿಡಿಯುತ್ತವೆ. ಅಂಗಡಿಯಲ್ಲಿ ಫೋಟೋ ಪೇಪರ್ ಎಂದೇ ಹೇಳಿ. ಸಾದಾ ಜೆರಾಕ್ಸ್‌ನಲ್ಲಿ ಬೂದು ಛಾಯೆಗಳು ಸತ್ತು ಮೋಡ ಬೂಷ್ಟಿನ ಕಲೆಯಂತಾಗುತ್ತದೆ.

ಮೂರನೇ ದಿನ ಕೈಗಳು. 1917ರಿಂದ 1937ರವರೆಗೆ ಆತ ಆಕೆಯ 300ಕ್ಕೂ ಹೆಚ್ಚು ಫೋಟೋ ತೆಗೆದ. ಅವುಗಳಲ್ಲಿ ನಗ್ನಚಿತ್ರಗಳೂ ಇವೆ. ತರಗತಿಯ ಪರದೆಯ ಮೇಲೆ ಹುಡುಕಲು ಹೋಗದೆ, ಕೈಗಳ ಫೋಟೋಗಳನ್ನು ಮನೆಯಲ್ಲೇ ಇಳಿಸಿಕೊಂಡು ಬನ್ನಿ. ಮುಖವಿಲ್ಲದ ಭಾವಚಿತ್ರ ಎಂಬುದು ಆಗ ತಾನಾಗಿ ಅರ್ಥವಾಗುತ್ತದೆ. ಅಡಿಕೆ ಸುಲಿಯುವ ಕೈ, ಹೂ ಕಟ್ಟುವ ಕೈ ನಿಮ್ಮಲ್ಲಿ ಬೇಕಾದಷ್ಟಿವೆ.

ಜೀವನಕಥೆ ಈಗ ಬರಲಿ. 1916ರಲ್ಲಿ ಗೆಳತಿ ಅನಿತಾ ಪೊಲಿಟ್ಸರ್ ತೋರಿಸಿದ ಓಕೀಫ್‌ಳ ಇದ್ದಿಲಿನ ಚಿತ್ರಗಳನ್ನು ಸ್ಟೀಗ್ಲಿಟ್ಸ್ ಆಕೆಯನ್ನು ಕೇಳದೆಯೇ ನ್ಯೂಯಾರ್ಕಿನ ತನ್ನ ಗ್ಯಾಲರಿಯಲ್ಲಿ ತೂಗುಹಾಕಿದ. ಆಕೆ ಜಗಳಕ್ಕೇ ಹೋದಳು. ಚಿತ್ರಗಳು ಮಾತ್ರ ಗೋಡೆಯಿಂದ ಇಳಿಯಲಿಲ್ಲ. ಆತ ಮಾಡಿದ್ದು ಸರಿಯೇ ಎಂಬ ಚರ್ಚೆಗೆ ಹತ್ತು ನಿಮಿಷ ಕೊಡಿ, ಇದು ಮದುವೆಗಿಂತ ಒಳ್ಳೆಯ ವಿಷಯ. 1924ರಲ್ಲಿ ಮದುವೆ, 1929ರಿಂದ ಆಕೆಗೆ ನ್ಯೂ ಮೆಕ್ಸಿಕೋದ ಸೆಳೆತ, 1946ರಲ್ಲಿ ಆತನ ಸಾವು: ಇಷ್ಟು ಸಾಲುತ್ತದೆ.

ಸಮಯ ಉಳಿದರೆ ಕಾರಿಡಾರಿನಲ್ಲಿ ಸೀಮೆಸುಣ್ಣದಿಂದ 24 ಅಡಿ ಗೆರೆ ಎಳೆಸಿ. 1965ರಲ್ಲಿ, 77ರ ವಯಸ್ಸಿನಲ್ಲಿ, ವಿಮಾನದಿಂದ ಕಂಡ ಮೋಡಗಳನ್ನು ಆಕೆ ಬಿಡಿಸಿದ ಕ್ಯಾನ್ವಾಸಿನ ಅಗಲ ಅಷ್ಟು, ಎತ್ತರ 8 ಅಡಿ. ಆ ಗೆರೆಯ ಪಕ್ಕ ಮಕ್ಕಳ 9 × 12ರ ಮೋಡಗಳನ್ನು ಅಂಟಿಸಿ.