ಮೂರು ಸಲ ತಾಳೆಯಾದರೆ ಸಾಲದು

ನಮಸ್ಕಾರ. ಬೀಜಗಣಿತದ ಸೂತ್ರಗಳ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ನೀವು ಬರೆದು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ತಿದ್ದಿದರೆ ಇದು ಮಕ್ಕಳ ಕೈಗೆ ಹೋಗಲೇಬೇಕಾದ ಬರಹ.

ಎರಡನೇ ಪುಟ ನೋಡಿ. ಅ + ಬ + ಕ = 0 ಆದರೆ ಅ³ + ಬ³ + ಕ³ = 3ಅಬಕ ಎಂದು ಸಾಧಿಸುತ್ತೇನೆ ಅಂದಿದ್ದೀರಿ. ಆಮೇಲೆ 1, 2, −3 ಹಾಕಿದ್ದೀರಿ. ಎರಡೂ ಕಡೆ −18 ಬಂತು. ಹೀಗೇ ಇನ್ನೆರಡು ಸಲ ಬೇರೆ ಸಂಖ್ಯೆ ಹಾಕಿ ನೋಡಿ 'ಆದ್ದರಿಂದ ಸಾಧಿಸಿದಂತಾಯಿತು' ಅಂತ ಮುಗಿಸಿದ್ದೀರಿ. ಇದು ತಾಳೆ ನೋಡಿದ್ದು, ಸಾಧಿಸಿದ್ದಲ್ಲ. ಗಣಿತಜ್ಞ ಆಯ್ಲರ್ ಹೆಸರಿನ ಜೊತೆ ಬರುವ ನ² + ನ + 41 ಗೊತ್ತಲ್ವಾ? ನ ಜಾಗದಲ್ಲಿ 0ಯಿಂದ 39ರವರೆಗೆ ಏನು ಹಾಕಿದರೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ, ನಲವತ್ತು ಸಲ ಸರಿ ಬಂದದ್ದು 40 ಹಾಕಿದ ಕೂಡಲೇ ಕೈಕೊಡುತ್ತದೆ: 40×41 + 41, ಅಂದರೆ 41×41, ಅಂದರೆ 1681. ನೀವು ನೋಡಿದ್ದು ಮೂರೇ ಸಲ.

ಸಾಧಿಸುವುದು ಕಷ್ಟವೂ ಅಲ್ಲ. ಕ = −(ಅ + ಬ) ಅಲ್ವಾ? ಘನ ಮಾಡಿ: ಕ³ = −ಅ³ − ಬ³ − 3ಅಬ(ಅ + ಬ). ಅ³, ಬ³ ಎರಡನ್ನೂ ಎಡಗಡೆಗೆ ತಂದರೆ ಬಲಗಡೆ ಉಳಿಯುವುದು −3ಅಬ(ಅ + ಬ) ಮಾತ್ರ. ಆ −(ಅ + ಬ) ಅಂದರೆ ಕ ತಾನೇ! 3ಅಬಕ ಬಂತು. ಮೊದಲು ಕೊಟ್ಟ ಷರತ್ತು ಕೊನೆಯಲ್ಲಿ ಮತ್ತೆ ಕೆಲಸಕ್ಕೆ ಬರುವ ಈ ಗಳಿಗೆಯನ್ನು ಮಕ್ಕಳಿಗೆ ನಿಧಾನವಾಗಿ ತೋರಿಸಿ.

ಸಂಖ್ಯೆ ಹಾಕಿ ನೋಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಇನ್ನೊಂದು ಉದಾಹರಣೆ, (ಯ + 1)² − (ಯ − 1)² = 4ಯ, ಇದಕ್ಕೆ ಬೇರೆ ಬೇರೆ ಮೂರು ಬೆಲೆ ಹಾಕಿ ನೋಡಿದರೆ ನಿಜಕ್ಕೂ ಸಾಕು. ಎರಡೂ ಬದಿಯ ವ್ಯತ್ಯಾಸದಲ್ಲಿ ಯ²ಕ್ಕಿಂತ ಜಾಸ್ತಿ ಘಾತ ಇರಲಾರದು, ಅಂಥ ಬೀಜೋಕ್ತಿ ಪೂರ್ತಿ ಸೊನ್ನೆ ಅಲ್ಲದಿದ್ದರೆ ಯ ಜಾಗದಲ್ಲಿ ಎರಡಕ್ಕಿಂತ ಜಾಸ್ತಿ ಬೆಲೆಗಳಿಗೆ ಸೊನ್ನೆ ಆಗಲಾರದು. ಆದರೆ ಈ ಕಾರಣವನ್ನು ಹೇಳಬೇಕು. ಸುಮ್ನೆ ಹಾಕಿ ನೋಡಿದರೆ ಆಗಲ್ಲ.

ನಾಲ್ಕನೇ ಪುಟದಲ್ಲಿ ಯ + 1/ಯ ≥ 2 ಅಂತ ಮೊದಲೇ ಬರೆದುಕೊಂಡು, (ಯ − 1)² ≥ 0 ತನಕ ಇಳಿದು, ಅದು ನಿಜ, ಹಾಗಾಗಿ ಮೊದಲಿನದೂ ನಿಜ ಅಂದಿದ್ದೀರಿ. ಹಾಗೆ ಹೋದರೆ 1 = −1 ಅನ್ನೋದನ್ನೂ ಸಾಧಿಸಬಹುದು, ಎರಡೂ ಕಡೆ ವರ್ಗ ಮಾಡಿದರೆ 1 = 1! ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಬರೆಯಿರಿ: (ಯ − 1)² ≥ 0 ಇಂದ ಶುರುಮಾಡಿ, ಬಿಡಿಸಿ, ಯ ಇಂದ ಭಾಗಿಸಿ. ಭಾಗಿಸುವಾಗ ಯ ಧನ ಸಂಖ್ಯೆ ಆಗಿರಲೇಬೇಕು ಅನ್ನೋದು ತಾನಾಗಿ ಕಣ್ಣಿಗೆ ಬೀಳುತ್ತದೆ. ನೀವು ಅದನ್ನು ಎಲ್ಲೂ ಹೇಳಿಲ್ಲ. −1 ಹಾಕಿದರೆ −2 ಬರುತ್ತದೆ.

ಗಣಿತದ ಹಿರಿಮೆ ಹೊಗಳುವ ಮೊದಲ ಪುಟ ಪೂರ್ತಿ ಬೇಡ. ಕೊನೆಯಲ್ಲಿ ನಾಲ್ಕೇ ಸಾಲಿನಲ್ಲಿ ನಿಮ್ಮ ತಂದೆಯ ವಿಷಯ ಬರೆದಿದ್ದೀರಿ: ಸಂತೆಯಲ್ಲಿ 28 ಕೆಜಿ ಈರುಳ್ಳಿಗೆ ಕೆಜಿಗೆ 32 ರೂಪಾಯಿಯಂತೆ ಎಷ್ಟು ಅಂದಾಗ, 'ಒಂಬೈನೂರಕ್ಕೆ ನಾಲ್ಕು ಕಮ್ಮಿ' ಅಂದುಬಿಟ್ಟರಂತೆ. ಓದಿ ಮೈ ಜುಮ್ ಅಂತು. 28×32 ಅಂದರೆ (30 − 2)(30 + 2), ಅಂದರೆ 30² − 2² ಅದು. ಲೇಖನ ಅಲ್ಲಿಂದಲೇ ಶುರುವಾಗಲಿ. ಹದಿನಾಲ್ಕು ಸೂತ್ರ ಬೇಡ, ಮೂರು ಸಾಕು, ಒಂದೊಂದನ್ನೂ ಪೂರ್ತಿ ಸಾಧಿಸಿ ಕಳಿಸಿ. ನಾನೇ ಓದುತ್ತೇನೆ.